ಹುಲುಗಣ್ಣನ ಹಡಗಿನ ಮುಂದಿನ ಜಾಗ

ದೀಪ ಸ್ವಲ್ಪ ಸಣ್ಣದು ಮಾಡಿ. ಆರಿಸಬೇಡಿ, ಸಣ್ಣದು ಮಾಡಿದರೆ ಸಾಕು... ಇದು ಎಲ್ಲೋ ಯಾರೋ ಹೇಳಿದ್ದನ್ನು ಕೇಳಿ ಹೇಳುವುದಲ್ಲ. ನಮ್ಮ ಸೋದರತ್ತೆ ಮಗ ಹುಲುಗಣ್ಣನಿಗೆ ಆದದ್ದು. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ಹಲ್ಲು ಕಿರಿದರೆ ನಾನು ಎದ್ದು ಹೋಗುವವನೇ.

ತೊಂಬತ್ತೆಂಟನೇ ಇಸವಿಯ ಬೇಸಿಗೆ. ಡ್ಯಾಮಿನ ಹಿನ್ನೀರು ಇಳಿದಿತ್ತು. ರಾತ್ರಿ ಒಂಬತ್ತೂವರೆ ಇರಬಹುದು, ಹುಲುಗಣ್ಣ ದಂಡೆಯಿಂದ ಹೊಸ ಕಣವಿಹಾಳಿಗೆ ನಡೆದು ಬರುತ್ತಿದ್ದ. ಎಡ ಹೆಗಲ ಮೇಲೆ ಸುತ್ತಿದ ದೋಣಿಯ ಪಟ. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ದಾರಿಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೆ ಹಾಳು ಬಾವಿ. ಮೇಲೆ ಬಾವಲಿ ರೆಕ್ಕೆ ಬಡಿಯಿತು... ಪಟ್ ಪಟ್ ಪಟ್. ಬಾವಿಯೊಳಗೆ ಏನೋ ಬಿತ್ತು... ಬುಳಕ್. ಬಾವಿಯ ಕಟ್ಟೆ ಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿ ಆರಿತು.

ಹುಲುಗಣ್ಣ ಹೆದರಲಿಲ್ಲ. ಅವನಿಗೆ ಹೆದರುವುದೂ ಒಂದು ಕೀಳು ಕೆಲಸ. "ಯಾವನಲೇ ಅಂವ?" ಅಂದ.

"ನಾನಪ... ಗಂಗಪ್ಪ."

ಗಂಗಪ್ಪ ಅಂದರೆ ಹಳೇ ಕಣವಿಹಾಳಿನಲ್ಲಿ ಹುಟ್ಟಿ, ಊರು ನೀರಿನಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡ ಮುದುಕ. ಬೀಡಿ ಆರಿಸಿ ಪಿಸುಗುಟ್ಟಿದ:

"ನಾಳಿಗೆ ಹಳೇ ಊರ ಹಳ್ಳದಾಗ ಪಟ ಬಿಡ್ತಿ ಅಂತಲ್ಲ."

"ಬಿಡ್ತೀನಿ. ನಿಂಗೇನಾತು?"

"ಮೆಲ್ಲಕ ಮಾತಾಡು..."

"ಯಾಕ ತಾತ? ಬಾವ್ಯಾಗ ಯಾರರ ಮಲಗ್ಯಾರೇನು?"

ಗಂಗಪ್ಪ ಇನ್ನೂ ಸಣ್ಣ ದನಿ ಮಾಡಿದ. "ಎತ್ತಿಗೆ ಅಂದಂಗ ದೋಣಿಗೂ ಅಂತಿಯಂತ, ಹೊಳ್ಳಿ ಬಾ, ಹೊಳ್ಳಿ ಬಾ ಅಂತ. ಹಳ್ಳ ಬಾಗೋ ಆ ತಿರುವಿನಾಗ ಅನ್ನಬ್ಯಾಡಪ, ಕೆಳಗ ನಮ್ಮ ಸುಡುಗಾಡೈತಿ. ಊರು ಬಿಡೋವಾಗ ನಾವು ಸಾಮಾನು ತಂದ್ವಿ, ದೇವರ್ನ ತಂದ್ವಿ. ಅವರ್ನ ತರಾಕ ಆಗಲಿಲ್ಲ. ಕುಂದ್ರಿಸಿ ಹೂಳಿದ ಮಂದಿ... ಹಂಗ ಕುಂತಾರ."

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಳ್ಳು ಅಂದರೆ ತಿರುಗು. ಸಾಲು ಮುಗಿದ ಕಡೆ ಎತ್ತು ತಿರುಗಿಸುವಾಗ ನಾವು 'ಹೊಳ್ಳಿ ಬಾ' ಅನ್ನುತ್ತೇವೆ. ಆದರೆ ಹೊಳ್ಳಿ ಬಾ ಅಂದರೆ ವಾಪಸು ಬಾ ಅಂತಲೂ ಆಗುತ್ತದೆ. ಸತ್ತವರ ಮನೆಯಿಂದ ಹೊರಡುವಾಗ ನಮ್ಮಲ್ಲಿ 'ಬರ್ತೀನಿ' ಅನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಮಣ್ಣು ಹಾಕಿ ಬರುವಾಗ ಹೊಳ್ಳಿ ನೋಡುವುದಿಲ್ಲ. ಇನ್ನು ಸ್ಮಶಾನದ ನೆತ್ತಿಯ ಮೇಲೆ ನಿಂತು ಹೊಳ್ಳಿ ಬಾ ಅಂತ ಕೂಗುವ ಬುದ್ಧಿವಂತ ಯಾರಿದ್ದಾನೆ? ಇದ್ದ ಒಬ್ಬ.

"ತಾತ," ಅಂದ ಹುಲುಗಣ್ಣ, "ಬಂದ್ರ ನಿನ್ನ ಮನಿಗೇ ಕಳಸ್ತೀನಿ ಬಿಡು. ನಿಂಗ ಬೀಡಿ ಹಚ್ಚಾಕ ಜತಿ ಆಗ್ತಾರ." ಹೀಗಂದು ನಗುತ್ತ ಮನೆಗೆ ಹೋದ.

ಇವನ ಸ್ವಭಾವವೇ ಅಷ್ಟು. ಬುದ್ಧಿ ಹೇಳಿದವರನ್ನೆಲ್ಲ ಕಾಲ ಕಸ ಮಾಡುವವನು. ಶೇಂಗಾ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಅಂಗಿಯ ತೋಳು ಮೇಲೆ ಮಡಚು ಅಂತ ಪಕ್ಕದವನು ಹೇಳಿದ್ದ. 'ನಿನ್ನ ಕೆಲಸ ನೀ ನೋಡಲೇ' ಅಂದ. ಬೆಲ್ಟು ತೋಳು ಎಳೆಯಿತು, ತೋಳಿನ ಜೊತೆ ಕೈಯನ್ನೂ ಎಳೆಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನ ಮೊದಲ ಮಾತು, 'ಬೆಲ್ಟು ಸಡಿಲ ಇತ್ತು.' ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕೈ ಹೋದ ಮೇಲೆ ಮೀನಿಗೆ ಬಿದ್ದ. ಹರಗೋಲಿಗೆ ಎರಡು ಕೈ ಬೇಕು, ಒಂದೇ ಕೈಲಿ ಹುಟ್ಟು ಹಾಕಿದರೆ ಅದು ಇದ್ದಲ್ಲೇ ಗಿರಗಿರ ಸುತ್ತುತ್ತದೆ. ಸೌಭಾಗ್ಯ, ಅಂದರೆ ಅವನ ಹೆಂಡತಿ, ಎದುರು ಕೂತು ಹುಟ್ಟು ಹಾಕುತ್ತಿದ್ದಳು. ಊರವರು ನೋಡುತ್ತಿದ್ದರು. ಅದು ಅವನಿಗೆ ಕೈ ಹೋದದ್ದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಮೇಲೆ ಅವಳ ತಮ್ಮ ಮೈಲಾರೇಶ ಬೇರೆ. ಬೊಮ್ಮನಹಳ್ಳಿಯಲ್ಲಿ ಒಂದು ಚಾ ಹೋಟೆಲು, ನಾಲ್ಕು ಬೆಂಚು. ಅಷ್ಟಕ್ಕೇ ತಾನು ಸಾಹುಕಾರ ಅಂತ ಕೊರಳಲ್ಲಿ ಟವೆಲ್ಲು. ಯಾರದೋ ಮದುವೆಯ ಊಟದ ಸಾಲಿನಲ್ಲಿ, ನೂರು ಮಂದಿಯ ಎದುರು ಅಂದುಬಿಟ್ಟ: "ಮಾಮ, ಅಕ್ಕನ್ನ ಯಾಕ ನೀರಾಗ ತೋಯಿಸ್ತಿ? ನಮ್ಮ ಹೋಟ್ಲಿಗೆ ಬಾ. ಲೋಟ ತೊಳೆಯಾಕ ಒಂದು ಕೈ ಸಾಕು."

ಹುಲುಗಣ್ಣ ಎಲೆ ಮಡಚಿ ಎದ್ದ. "ನಾ ದೋಣ್ಯಾಗ ಒಬ್ಬನ ಹೋಗಿ ಒಬ್ಬನ ಬರ್ತೀನಿ. ಹಳೇ ಊರ ಹಳ್ಳದಾಗ, ಎದುರು ಗಾಳ್ಯಾಗ. ಬರದಿದ್ರ ಮರುದಿನ ಬಂದು ನಿನ್ನ ಲೋಟ ತೊಳೀತೀನಿ. ಆಳಾಗಿ ಇರ್ತೀನಿ, ನಡಿ."

ನೂರು ಮಂದಿ ಕೇಳಿದ್ದರು. ಆ ಮಾತನ್ನು ಇನ್ನು ನುಂಗುವಂತಿರಲಿಲ್ಲ. ಒಬ್ಬನೇ ಬಂದರೆ ನೀರು ಅವನದು. ಬರದಿದ್ದರೆ ಜೀವಮಾನವಿಡೀ ಹೆಂಡತಿಯ ತಮ್ಮನ ಎಂಜಲು ಲೋಟ.

ದೋಣಿ ಎಲ್ಲಿಂದ ಬಂತು ಅಂದರೆ, ಆಂಧ್ರದ ಮೀನುಗಾರನೊಬ್ಬ ಊರು ಬಿಟ್ಟು ಹೋಗುವಾಗ ಮಾರಿದ್ದು. ಹಲಗೆಯ ದೋಣಿ, ನಡುವೆ ಕಂಬ. ಕಂಬದ ಹಿಂದೆ ದೊಡ್ಡ ಪಟ, ಮುಂದೆ ಸಣ್ಣ ಪಟ, ಎರಡೂ ಯೂರಿಯಾ ಚೀಲ ಹೊಲಿದು ಮಾಡಿದ್ದು. ಊರವರು ಅದಕ್ಕೆ ಹುಲುಗಣ್ಣನ ಹಡಗು ಅಂತ ಹೆಸರಿಟ್ಟರು. ದೋಣಿ ಎದುರು ಗಾಳಿಗೆ ನೇರ ಹೋಗುವುದಿಲ್ಲ, ಎಂಥ ಹಡಗೂ ಹೋಗುವುದಿಲ್ಲ. ಓರೆಯಾಗಿ ಈ ದಂಡೆಗೆ ಹೋಗಬೇಕು, ಅಲ್ಲಿ ಮೂತಿ ತಿರುಗಿಸಬೇಕು, ಓರೆಯಾಗಿ ಆ ದಂಡೆಗೆ ಹೋಗಬೇಕು. ಬಯಲು ನೀರಿನಲ್ಲಿ ಇದು ಮಕ್ಕಳಾಟ. ಹಳೇ ಊರ ಹಳ್ಳದ ಅಗಲ ಒಂದು ಕಣದಷ್ಟು. ಒಂದು ಕಡೆ ಹಳೇ ಕೋಟೆಯ ಬಿದ್ದ ಕಲ್ಲು, ಇನ್ನೊಂದು ಕಡೆ ಬಳ್ಳಾರಿ ಜಾಲಿ. ನೂರು ಮಾರು ಹೋಗುವುದರೊಳಗೆ ಹತ್ತು ಸಲ ತಿರುಗಬೇಕು.

ಪ್ರತಿ ಸಲ ತಿರುಗುವಾಗ ಸಣ್ಣ ಪಟದ ಹಗ್ಗ ಈ ಕಡೆ ಬಿಚ್ಚಿ ಆ ಕಡೆ ಎಳೆಯಬೇಕು. ಇದ್ದೊಂದು ಕೈ ಚುಕ್ಕಾಣಿ ಮೇಲೆ. ಇನ್ನು ಹಗ್ಗ ಎಳೆಯುವುದು ಯಾವುದರಲ್ಲಿ, ಹಲ್ಲಿನಲ್ಲೇ? ಒಪ್ಪುತ್ತೇನೆ, ತಲೆ ಇತ್ತು ಅವನಿಗೆ. ಸಣ್ಣ ಪಟವನ್ನು ಕತ್ತರಿಸಿ ಇನ್ನೂ ಸಣ್ಣದು ಮಾಡಿದ, ಕಂಬಕ್ಕೆ ತಾಗದ ಹಾಗೆ. ಕಂಬದ ಮುಂದೆ ಈ ಅಂಚಿನಿಂದ ಆ ಅಂಚಿಗೆ ಕಬ್ಬಿಣದ ಸರಳು ಕೂರಿಸಿದ. ಸರಳಿಗೆ ಒಂದು ಉಂಗುರ, ಉಂಗುರಕ್ಕೆ ಪಟದ ಹಗ್ಗ, ಸರಳಿಗೆಲ್ಲ ಬಂಡಿಯ ಕೀಲೆಣ್ಣೆ. ದೋಣಿ ತಿರುಗಿದರೆ ಗಾಳಿಯೇ ಉಂಗುರವನ್ನು ಆ ಕಡೆ ಜಾರಿಸುತ್ತದೆ, ಯಾರೂ ಮುಟ್ಟಬೇಕಿಲ್ಲ. ಸರ್ರ್... ಟಣ್! ದೋಣಿ ಮಗ್ಗುಲಿಗೆ ಜಾರದಿರಲಿ ಅಂತ ನೀರಿಗೊಂದು ಹಲಗೆ ಇಳಿಸಿದ. ಗಾಳಿಯ ದಿಕ್ಕು ತಿಳಿಯಲು ಕಂಬಕ್ಕೆ ಹಾಳಾದ ಕ್ಯಾಸೆಟ್ಟಿನ ಟೇಪು ಕಟ್ಟಿದ. ಹಿಂದೆ ಕೂತು ಚುಕ್ಕಾಣಿ ಹಿಡಿದರೆ ಆಯಿತು.

ದೋಣಿ ಕೊಟ್ಟವನು ಅದನ್ನು ನೋಡಿ ಒಂದೇ ಮಾತು ಹೇಳಿದ್ದನಂತೆ. ಸಣ್ಣ ಪಟ ತಾನೇ ಜಾರಿದರೆ ಮೂತಿಯನ್ನು ತಳ್ಳುವವರು ಯಾರು? ತಿರುವಿನಲ್ಲಿ ಅದನ್ನು ಒಂದು ಗಳಿಗೆ ಹಿಡಿದುಕೊಂಡು, ಮೂತಿ ದಾಟಿದ ಮೇಲೆ ಬಿಡಬೇಕು. ಮುಂದೆ ಒಬ್ಬರು ಕೂರಬೇಕು, ಭಾರವೂ ಆಗುತ್ತದೆ, ಹಿಡಿಯುವುದೂ ಆಗುತ್ತದೆ. ಹುಲುಗಣ್ಣ ಮೂಗು ಮುರಿದ. "ಅವರಿಗೆ ಇಬ್ಬರು ಬೇಕು. ಅದಕ್ಕ ದೋಣಿ ಮಾರ್ಕೊಂಡು ಹೊಂಟಾರ."

ಗಂಗಪ್ಪ ಸಿಕ್ಕ ಮರುದಿನ ಹೊತ್ತಿರುವಾಗಲೇ ಪಂಥ ಮುಗಿಸಬೇಕಿತ್ತು. ಆದರೆ ಸಾಕ್ಷಿ ಆಗಬೇಕಾದ ಮೈಲಾರೇಶ ಹೋಟೆಲು ಮುಚ್ಚಿ ಕೊನೇ ಬಸ್ಸಿಗೆ ಬಂದ. ದಂಡೆಗೆ ಬರುವಾಗ ಎಂಟು ಗಂಟೆ. ಚಂದ್ರ ಇಲ್ಲ, ಬರೀ ಚುಕ್ಕಿ. "ಕತ್ಲಾತು ಮಾಮ. ನಾಳಿಗೆ ನೋಡಾನು," ಅಂದ.

"ಕತ್ಲಾಗ ಬಂದ್ರ ಒಪ್ಪೋದಿಲ್ಲೇನು? ನಿಂದ್ರು ಇಲ್ಲೇ, ಚಾ ಕುಡಕೋತ."

ಸೌಭಾಗ್ಯ ಲಾಟೀನು ಹಿಡಿದು ನಿಂತಿದ್ದಳು. "ನಾ ಬರ್ತೀನ್ರಿ ಮುಂದ ಕುಂದ್ರಾಕ," ಅಂದಳು. ಅವನು ತಿರುಗಿಯೂ ನೋಡಲಿಲ್ಲ.

ಹೋಗುವುದು ಸುಲಭ, ಗಾಳಿಯೇ ನೂಕಿತು. ಹಳ್ಳದ ತುದಿಯಲ್ಲಿ ತಿರುಗಿಸಿ ವಾಪಸು ಹೊರಟ. ಈಗ ಗಾಳಿ ಮುಖಕ್ಕೆ. ಮೊದಲ ನಾಲ್ಕು ತಿರುವು ಬರಾಬರ್ ಆದವು. ಚುಕ್ಕಾಣಿ ನೂಕಿದ, ಮೂತಿ ತಿರುಗಿತು. ಸರ್ರ್... ಟಣ್. ಮತ್ತೆ ನೂಕಿದ. ಸರ್ರ್... ಟಣ್. ಹುಲುಗಣ್ಣ ಒಬ್ಬನೇ ನಕ್ಕ. ನಾಳೆ ಮೈಲಾರೇಶನ ಹೋಟೆಲಿಗೆ ಹೋಗಿ, ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಅವನ ಕೈಲೇ ಚಾ ತರಿಸಿ ಕುಡಿದು, ಲೋಟ ಅವನ ಮುಂದೆಯೇ ಇಡಬೇಕು. ಇಷ್ಟೆಲ್ಲ ಲೆಕ್ಕ ಹಾಕುತ್ತಿದ್ದ.

ಆಮೇಲೆ ಹಳ್ಳ ಬಾಗುವ ಜಾಗ ಬಂತು... ಗಂಗಪ್ಪ ಹೇಳಿದ ಜಾಗ.

ಅಲ್ಲಿ ಹಳ್ಳ ಇನ್ನೂ ಕಿರಿದು. ಚುಕ್ಕಾಣಿ ನೂಕಿದ. ಮೂತಿ ಅರ್ಧ ತಿರುಗಿ ಗಾಳಿಗೆ ಎದುರಾಗಿ ನಿಂತಿತು. ಪಟ ಎರಡೂ ಪಟಪಟ ಬಡಿದವು. ಉಂಗುರ ಸರಳಿನ ಮೇಲೆ ಆ ಕಡೆ ಈ ಕಡೆ ಓಡಾಡಿತು. ದೋಣಿ ಹಿಂದಕ್ಕೆ ಜಾರಿ ಕಲ್ಲಿಗೆ ಬಡಿಯಿತು... ಧಡ್! ಕಾಲಿನಿಂದ ಕಲ್ಲು ಒದ್ದು ಬಿಡಿಸಿಕೊಂಡ. ಮತ್ತೆ ನೂಕಿದ, ಮತ್ತೆ ಅರ್ಧಕ್ಕೇ ನಿಂತಿತು. ಧಡ್! ದೋಣಿ ಕೊಟ್ಟವನ ಮಾತು ನೆನಪಾಯಿತು. ನೆನಪಾದದ್ದಕ್ಕೇ ಸಿಟ್ಟು ನೆತ್ತಿಗೇರಿತು.

ಮೂರನೇ ಸಲ, ಹಟಮಾರಿ ಎತ್ತಿಗೆ ಅರಚುವ ಹಾಗೆ ಅರಚಿದ. "ಹೊಳ್ಳಿ ಬಾ! ಹೊಳ್ಳಿ ಬಾ ಲೇ! ಹೊಳ್ಳಿ ಬಾ ಅಂದ್ರ!"

ಕೂಗು ಕೋಟೆಯ ಕಲ್ಲಿಗೆ ಹೋಗಿ ತಾಗಿತು. ಅದು ವಾಪಸು ಬರಲಿಲ್ಲ. ಅಲ್ಲಿ ಯಾವಾಗಲೂ ದನಿ ವಾಪಸು ಬರುತ್ತದೆ, ನಾನೇ ಕೂಗಿ ನೋಡಿದ್ದೇನೆ...

ಗಾಳಿ ಇತ್ತು, ಪಟ ಬಡಿಯುತ್ತಿತ್ತು. ಒಮ್ಮೆಲೇ ಮುಂದಿನ ಪಟ ಬಡಿಯುವುದು ನಿಂತಿತು. ನೀರು ಮೆಲ್ಲಗೆ ಅಂದಿತು... ಗುಳುಂ. ದೋಣಿಯ ಮೂತಿ ಒಂದು ಗೇಣು ಕೆಳಗಿಳಿಯಿತು. ಯಾರೋ ಅಂಚು ಹಿಡಿದು, ತೂಕ ತಪ್ಪದ ಹಾಗೆ ನಿಧಾನವಾಗಿ ಹತ್ತಿ ಕೂತಂತೆ. ಹಲಗೆ ಕಿರ್ ಅಂದಿತು. ಆಮೇಲೆ ಸುಮ್ಮನಾಯಿತು.

ಉಂಗುರ ಜಾರಲಿಲ್ಲ. ಸರಳಿನ ಈ ತುದಿಯಲ್ಲೇ ನಿಂತಿತ್ತು, ಗಾಳಿ ಎಳೆಯುತ್ತಿದ್ದರೂ ನಿಂತಿತ್ತು. ಸಣ್ಣ ಪಟ ಗಾಳಿ ತುಂಬಿಕೊಂಡು ಉಬ್ಬಿ ಮೂತಿಯನ್ನು ತಳ್ಳಿತು. ದೋಣಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು. ಪೂರ್ತಿ ತಿರುಗಿದ ಮೇಲೆ... ಆಗ ಬಿಟ್ಟಿತು. ಸರ್ರ್... ಟಣ್.

ದೊಡ್ಡ ಪಟ ಅಡ್ಡ ಇದ್ದುದರಿಂದ ಹುಲುಗಣ್ಣನಿಗೆ ಮುಂದಿನ ಹಲಗೆ ಕಾಣುತ್ತಿರಲಿಲ್ಲ. ಪಟದ ಕೆಳಗೆ ಬಗ್ಗಿ ನೋಡಬಹುದಿತ್ತು. ನೋಡಲಿಲ್ಲ. ದೆವ್ವ ಅಂದವರ ಮುಖಕ್ಕೆ ಉಗುಳುವವನು, ಬಗ್ಗಿ ಒಂದು ಸಲ ನೋಡಲಿಲ್ಲ! ಎದುರು ದಂಡೆ ಬಂತು. ಏನು ಮಾಡಬೇಕು? ತಿರುಗಿಸದಿದ್ದರೆ ಜಾಲಿಯ ಮುಳ್ಳಿಗೆ ಹೋಗುತ್ತದೆ. ಚುಕ್ಕಾಣಿ ನೂಕಿದ. ಬಾಯಿ ಬಿಡಲಿಲ್ಲ. ಉಂಗುರ ನಿಂತಿತು... ಮೂತಿ ದಾಟಿತು... ಸರ್ರ್... ಟಣ್. ಮತ್ತೊಂದು ತಿರುವು. ಮತ್ತೊಂದು. ಅಷ್ಟು ಚೆಂದ ಯಾವತ್ತೂ ತಿರುಗಿರಲಿಲ್ಲ. ಅವನೇ ಆಮೇಲೆ ನನಗೆ ಹೇಳಿದ್ದು, ಆ ಹೆದರಿಕೆಯಲ್ಲೂ ಒಂದು ಸಲ ಮನಸ್ಸಿನಲ್ಲಿ ಶಹಬ್ಬಾಸ್ ಅಂದೆ ಅಂತ.

ಲಾಟೀನು ಕಂಡಿತು. ದೋಣಿ ಮಣ್ಣಿಗೆ ತಾಗುವ ಮೊದಲೇ ಹುಲುಗಣ್ಣ ಹಿಂದಿನಿಂದ ಹಾರಿ, ಮೊಣಕಾಲು ನೀರಿನಲ್ಲಿ ಓಡಿ ಬಂದ. ದೋಣಿಯನ್ನು ಹಾಗೇ ಬಿಟ್ಟ.

ಮೈಲಾರೇಶ ಟವೆಲ್ಲು ಝಾಡಿಸಿದ. "ಮುಂದ ಯಾರ್ನ ಕುಂದ್ರಿಸಿಕೊಂಡು ಬಂದಿ?"

"ಯಾರ್ನ?"

"ನಾಟಕ ಬ್ಯಾಡ ಮಾಮ. ಒಬ್ಬನ ಬರ್ತೀನಿ ಅಂದಿದ್ದಿ. ಬಿಳೀ ಪಟದ ಮುಂದ ಕರ್ರಗ ಒಬ್ಬಾಂವ ಕುಂತಿದ್ದ. ಪಟ ಹಿಡಕಂತಿದ್ದ, ಬಿಡ್ತಿದ್ದ. ನಾ ಕುರುಡನೇನು? ಎಲ್ಲಿ ಇಳಿಸಿದಿ ಅವನ್ನ?"

ಈಗ ನೋಡಿ ಅವನ ಗತಿ. ಯಾರೋ ಇದ್ದರು ಅಂದರೆ ಪಂಥ ಸೋತ, ಲೋಟ ತೊಳೆಯಬೇಕು. ಯಾರೂ ಇರಲಿಲ್ಲ ಅಂದರೆ... ಯಾರೂ ಇರಲಿಲ್ಲ ಅಂತ ಅವನಿಗೇ ನಂಬಿಕೆ ಇಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. "ನಾ ಒಬ್ಬನ ಇದ್ನಿ," ಅಂದ. ಅವನು ಹೇಳಿದ್ದು ನಿಜವೋ ಸುಳ್ಳೋ, ನಾನು ಇವತ್ತಿಗೂ ತೀರ್ಮಾನ ಮಾಡಿಲ್ಲ.

"ಅಕ್ಕ, ನೀ ಹೇಳು," ಅಂದ ಮೈಲಾರೇಶ.

ಸೌಭಾಗ್ಯ ಲಾಟೀನು ಕೆಳಗಿಟ್ಟಳು. ದನಿ ಬಹಳ ಸಣ್ಣದಾಗಿತ್ತು. "ನಾನೂ ನೋಡೀನಿ. ಬೆನ್ನು ನೆಟ್ಟಗ ಮಾಡಿ ಕುಂತಿದ್ರು. ಕಾಲು ಮಡಚಿ... ಚಕ್ಕಳಮಕ್ಕಳ ಹಾಕ್ಕೊಂಡು." ಆಮೇಲೆ ಗಂಡನ ಒದ್ದೆ ಅಂಗಿ ಹಿಡಿದು ಎಳೆದಳು. "ಮನಿಗೆ ನಡೀರಿ. ಹೊಳ್ಳಿ ನೋಡಬ್ಯಾಡ್ರಿ."

ಮೂವರೂ ನಡೆದರು. ಯಾರೂ ಬರ್ತೀನಿ ಅನ್ನಲಿಲ್ಲ.

ಬೆಳಗ್ಗೆ ಮೈಲಾರೇಶ ನನ್ನ ಮನೆಗೆ ಬಂದ. ರಾತ್ರಿಯ ಹೆದರಿಕೆ ಬಿಸಿಲು ಬಿದ್ದ ಕೂಡಲೇ ಇಳಿದಿತ್ತು, ಕೊಬ್ಬು ವಾಪಸು ಬಂದಿತ್ತು. "ಅಣ್ಣ, ನೀ ಪಂಚ. ಹಳ್ಳದ ದಂಡಿಗೆಲ್ಲ ಹಸಿ ಕೆಸರೈತಿ. ಇಳಿದಾಂವನ ಹೆಜ್ಜಿ ಇದ್ದೇ ಇರ್ತಾವ. ನೋಡಿ ನ್ಯಾಯ ಹೇಳು." ಹೋದೆವು. ಹುಲುಗಣ್ಣನೂ ಬಂದ. ಸೌಭಾಗ್ಯಳೂ ಬಂದಳು.

ಎರಡೂ ದಂಡೆ ತುದಿಯ ತನಕ ನೋಡಿದೆ. ಕೊಕ್ಕರೆಯ ಹೆಜ್ಜೆ, ಕುರಿಯ ಹೆಜ್ಜೆ. ದೋಣಿ ಬಂದ ಕಡೆ ಹುಲುಗಣ್ಣ ಓಡಿದ ಹೆಜ್ಜೆ, ಲಾಟೀನು ಇಟ್ಟ ಕಡೆ ಅಕ್ಕ ತಮ್ಮ ನಿಂತ ಹೆಜ್ಜೆ. ಬೇರೆ ಮನುಷ್ಯರ ಒಂದು ಬೆರಳೂ ಮೂಡಿರಲಿಲ್ಲ. "ಪಂಥ ನಿಮ್ಮ ಮಾಮನದೇ," ಅಂದೆ. ಮೈಲಾರೇಶನ ಮುಖ ಹುಳಿ ತಿಂದ ಹಾಗಾಯಿತು.

ಬಿಟ್ಟ ದೋಣಿ ಗಾಳಿಗೆ ಎಲ್ಲಿ ಹೋಗಿದೆಯೋ ಅಂತ ಹುಡುಕಲು ಹೊರಟೆವು. ಹುಡುಕುವುದೇ ಬೇಕಾಗಲಿಲ್ಲ. ಅಲ್ಲೇ, ಮುಳ್ಳಿನ ಮರೆಗೆ ಇತ್ತು. ಜಾಲಿಯ ಬೊಡ್ಡೆಗೆ ಮುಂದಿನ ಹಗ್ಗದಿಂದ ಕಟ್ಟಿತ್ತು.

ಹುಲುಗಣ್ಣ ಹಗ್ಗ ಕಟ್ಟುವವನಲ್ಲ, ಒಂದು ಕೈಲಿ ಹೇಗೆ ಕಟ್ಟುತ್ತಾನೆ? ಅವನದೊಂದು ಕಬ್ಬಿಣದ ಕೊಕ್ಕೆ, ಸಿಕ್ಕಿಸಿ ಹೋಗುತ್ತಿದ್ದ. ಕೊಕ್ಕೆ ದೋಣಿಯೊಳಗೆ ಬಿದ್ದಿತ್ತು. ಇದು ಗಂಟು. ಎರಡು ಸುತ್ತು ಹಾಕಿ, ಎರಡೂ ತುದಿಯನ್ನು ಎರಡು ಕೈಲಿ ಒಟ್ಟಿಗೇ ಎಳೆದು ಬಿಗಿದ ಗಂಟು. ಮೈಲಾರೇಶ ಕೈ ಆಡಿಸಿದ, ನಾನಲ್ಲ ಅಂತ. ಸೌಭಾಗ್ಯ ನೆಲ ನೋಡುತ್ತ ನಿಂತಳು.

"ಬಿಡು ಮಾಮ," ಅಂದ ಮೈಲಾರೇಶ. ಈಗ ಅವನ ದನಿಯಲ್ಲಿ ಅಣಕ ಇರಲಿಲ್ಲ. "ಪಂಥ ನಂದೇ ಹೋಗಲಿ. ಈ ನೀರು ಬ್ಯಾಡ. ಹೋಟ್ಲಿಗೆ ಬಾ, ಗಲ್ಲಾದ ಮ್ಯಾಲ ಕುಂದ್ರು."

ಹುಲುಗಣ್ಣ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ಸತ್ತವರಿಗಿಂತ ಮೈಲಾರೇಶನೇ ಹೆಚ್ಚು ಭಾರ ಅನಿಸಿರಬೇಕು, ಹೊತ್ತುಕೊಳ್ಳಲಿಕ್ಕೆ. ನನಗೆ ಹೇಳಿದ, "ಗಂಟು ಬಿಚ್ಚು." ಬಿಚ್ಚಿದೆ. ದೋಣಿ ಹತ್ತಿದ. ಹಿಂದೆ ಹೋಗಿ ಚುಕ್ಕಾಣಿಯ ಹತ್ತಿರ ಕೂತ. ಎಷ್ಟೋ ಹೊತ್ತು ಮುಂದಿನ ಖಾಲಿ ಹಲಗೆ ನೋಡುತ್ತ ಕೂತಿದ್ದ. ಹೆತ್ತಪ್ಪನಿಗೂ ಬಹುವಚನ ಕೊಟ್ಟವನಲ್ಲ ಅವನು. ತಲೆ ಬಗ್ಗಿಸಿ, ಮೆತ್ತಗೆ ಅಂದ:

"ಕುಂದರ್ರಿ..."

ಪಟ ಏರಿಸಿಕೊಂಡು ಹೋದ. ಆಮೇಲೆ ಏಳು ವರ್ಷ ಮೀನು ಹಿಡಿದ, ಯಾರನ್ನೂ ಜೊತೆಗೆ ಕರೆದುಕೊಳ್ಳಲಿಲ್ಲ. ಆ ಬೆಳಗ್ಗೆ ಅವನು ಕುಂದರ್ರಿ ಅಂದಾಗ ಮೂತಿ ಕೆಳಗಿಳಿಯಿತೋ ಇಲ್ಲವೋ ಅಂತ ನನ್ನನ್ನು ಕೇಳಬೇಡಿ, ನಾನು ಬೆರಳು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಗಂಟು ಅಷ್ಟು ಬಿಗಿ ಇತ್ತು. ಸುಳ್ಳು ಅನ್ನುವವರು ಬನ್ನಿ, ದೀಪ ಹತ್ತಿರ ಹಿಡಿಯಿರಿ. ಇದು ಬಲಗೈ ಹೆಬ್ಬೆರಳು. ಅವತ್ತು ಆ ಗಂಟಿಗೆ ಕಿತ್ತ ಉಗುರು ಇವತ್ತಿಗೂ ಸೊಟ್ಟಗೇ ಬೆಳೆಯುತ್ತದೆ.